ಘನ ಇಂಗಾಲ ಮಾಧ್ಯಮದಿಂದ ನೈಟ್ರೇಟ್ ನಿವಾರಣೆ

ಘನ ಇಂಗಾಲ ಮಾಧ್ಯಮದಿಂದ ನೈಟ್ರೇಟ್ ನಿವಾರಣೆ ಎಂಬುದು ನೀರಿನಲ್ಲಿ ಕರಗದ, ಆದರೆ ಬ್ಯಾಕ್ಟೀರಿಯಾಗಳು ನಿಧಾನವಾಗಿ ಜೀರ್ಣಿಸಿಕೊಳ್ಳಬಲ್ಲ ಇಂಗಾಲಯುಕ್ತ ವಸ್ತುವನ್ನು ಬಳಸಿ ನೀರಿನಲ್ಲಿರುವ ನೈಟ್ರೇಟನ್ನು, ಸ್ವಲ್ಪ ಮಟ್ಟಿಗೆ ಫಾಸ್ಫೇಟನ್ನು, ಕಡಿಮೆ ಮಾಡುವ ಜೈವಿಕ ವಿಧಾನವಾಗಿದೆ. ಜೈವಿಕ ಪಾಲಿಮರ್ ಗುಳಿಗೆಗಳು, ಮರದ ಚಕ್ಕೆ, ಮರದ ಹೊಟ್ಟು, ಮೆಕ್ಕೆಜೋಳದ ದಿಂಡು ಮುಂತಾದವು ಇಂತಹ ಮಾಧ್ಯಮಗಳಾಗಿವೆ. ಹವಳಗಳನ್ನು ಸಾಕುವ ಸಮುದ್ರನೀರಿನ ಅಕ್ವೇರಿಯಂಗಳಲ್ಲಿ ಈ ವಿಧಾನವು 'ಬಯೋಪೆಲೆಟ್' ಎಂಬ ಹೆಸರಿನಲ್ಲಿ ಪರಿಚಿತವಾಗಿದೆ. ಇದೇ ತತ್ತ್ವವನ್ನು ದೊಡ್ಡ ಪ್ರಮಾಣದಲ್ಲಿ ಮೀನು ಸಾಕಣೆಯ ತೊಟ್ಟಿಗಳು, ಹೊಲದಿಂದ ಬಸಿಯುವ ನೀರು ಮತ್ತು ನೈಟ್ರೇಟ್‌ನಿಂದ ಕಲುಷಿತವಾದ ಅಂತರ್ಜಲದ ಸಂಸ್ಕರಣೆಗೂ ಬಳಸಲಾಗುತ್ತದೆ.

ಕರ್ನಾಟಕದಲ್ಲಿ ಈ ವಿಷಯವು ಅಕ್ವೇರಿಯಂ ಹವ್ಯಾಸಕ್ಕಿಂತ ಹೆಚ್ಚಾಗಿ ಕುಡಿಯುವ ನೀರಿಗೆ ಸಂಬಂಧಿಸಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಂತಹ ಒಣ ಪ್ರದೇಶಗಳು ಬಹುಕಾಲ ಕೊಳವೆಬಾವಿಗಳನ್ನೇ ನಂಬಿಕೊಂಡಿವೆ. ಚಿತ್ರದುರ್ಗ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಮತ್ತು ನೈಟ್ರೇಟ್ ಎರಡೂ ಹಲವೆಡೆ ಮಿತಿಮೀರಿರುವುದನ್ನು ಕೇಂದ್ರ ಅಂತರ್ಜಲ ಮಂಡಳಿಯ ವರದಿಗಳು ದಾಖಲಿಸಿವೆ. ಅಲ್ಲಿ ಸಾಮಾನ್ಯವಾಗಿ ಬಳಸುವ ರಿವರ್ಸ್ ಆಸ್ಮಾಸಿಸ್ (ಆರ್.ಓ.) ಘಟಕಗಳು ನೈಟ್ರೇಟನ್ನು ನೀರಿನಿಂದ ಬೇರ್ಪಡಿಸುತ್ತವೆ, ನಾಶಪಡಿಸುವುದಿಲ್ಲ. ಘನ ಇಂಗಾಲ ವಿಧಾನವು ಅದನ್ನು ಸಾರಜನಕ ಅನಿಲವಾಗಿ ಪರಿವರ್ತಿಸುತ್ತದೆ. ಈ ಎರಡು ವಿಧಾನಗಳ ನಡುವಿನ ಮುಖ್ಯ ವ್ಯತ್ಯಾಸ ಇದೇ ಆಗಿದೆ.

ಹಿನ್ನೆಲೆ

ಮೀನಿನ ವಿಸರ್ಜನೆ, ತಿನ್ನದೆ ಉಳಿದ ಆಹಾರ, ಸಗಣಿ, ಮೂತ್ರ, ಕೊಳಚೆ ಇತ್ಯಾದಿಗಳಲ್ಲಿರುವ ಸಾರಜನಕವು ಮೊದಲು ಅಮೋನಿಯಾ ಆಗುತ್ತದೆ. ಆಮ್ಲಜನಕವಿರುವ ಕಡೆ ಒಂದು ಗುಂಪಿನ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಮತ್ತೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಈ ಕ್ರಿಯೆಗೆ ನೈಟ್ರೀಕರಣ ಎಂದು ಹೆಸರು. ನೈಟ್ರೇಟ್ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಋಣ ವಿದ್ಯುದಂಶವಿರುವ ಕಾರಣ ಮಣ್ಣಿನ ಜೇಡಿ ಕಣಗಳಿಗೆ ಅಂಟಿಕೊಳ್ಳುವುದಿಲ್ಲ. ಆದ್ದರಿಂದ ಅದು ಮಳೆನೀರಿನೊಂದಿಗೆ ಅಂತರ್ಜಲಕ್ಕೆ ಇಳಿಯುತ್ತದೆ, ಅಕ್ವೇರಿಯಂನಲ್ಲಿ ದಿನೇ ದಿನೇ ಶೇಖರವಾಗುತ್ತದೆ. ನೀರನ್ನು ಕುದಿಸುವುದರಿಂದ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಅದರ ಸಾಂದ್ರತೆ ಮತ್ತಷ್ಟು ಹೆಚ್ಚುತ್ತದೆ.

ನೈಟ್ರೇಟ್ ಪ್ರಮಾಣವನ್ನು ಎರಡು ರೀತಿಯಲ್ಲಿ ಹೇಳುವ ರೂಢಿಯಿದೆ. ಇಡೀ ನೈಟ್ರೇಟ್ ಅಯಾನಿನ ತೂಕವನ್ನು ಹೇಳುವುದು ಒಂದು. ಅದರಲ್ಲಿರುವ ಸಾರಜನಕದ ತೂಕವನ್ನು ಮಾತ್ರ ಹೇಳುವುದು ಇನ್ನೊಂದು. ಸಾರಜನಕದ ಲೆಕ್ಕವನ್ನು 4.43ರಿಂದ ಗುಣಿಸಿದರೆ ನೈಟ್ರೇಟ್‌ನ ಲೆಕ್ಕ ದೊರೆಯುತ್ತದೆ. ಪರೀಕ್ಷಾ ಕಿಟ್ ಅಥವಾ ಪ್ರಯೋಗಾಲಯದ ವರದಿ ಯಾವ ರೀತಿಯಲ್ಲಿದೆ ಎಂಬುದನ್ನು ನೋಡದಿದ್ದರೆ ನಾಲ್ಕು ಪಟ್ಟಿಗೂ ಹೆಚ್ಚಿನ ತಪ್ಪಾಗಬಹುದು. ಈ ಲೇಖನದಲ್ಲಿ ಬೇರೆ ರೀತಿ ಹೇಳದ ಕಡೆಗಳಲ್ಲಿ ನೈಟ್ರೇಟ್ ಅಯಾನಿನ ಲೆಕ್ಕವನ್ನೇ ಬಳಸಲಾಗಿದೆ.

ಕಾರ್ಯವಿಧಾನ

ಬ್ಯಾಕ್ಟೀರಿಯಾಗಳ ದೇಹದಲ್ಲಿ ಇಂಗಾಲ, ಸಾರಜನಕ ಮತ್ತು ರಂಜಕಗಳು ನಿರ್ದಿಷ್ಟ ಅನುಪಾತದ ಆಸುಪಾಸಿನಲ್ಲಿರುತ್ತವೆ. ಸಮುದ್ರದ ಸೂಕ್ಷ್ಮ ಸಸ್ಯಗಳಿಗೆ ಸಂಬಂಧಿಸಿದಂತೆ ಅಮೆರಿಕದ ವಿಜ್ಞಾನಿ ಆಲ್ಫ್ರೆಡ್ ರೆಡ್‌ಫೀಲ್ಡ್ ಗುರುತಿಸಿದ 106:16:1 ಎಂಬ ಪರಮಾಣು ಅನುಪಾತ ಇದಕ್ಕೆ ಪ್ರಸಿದ್ಧ ಉದಾಹರಣೆಯಾಗಿದೆ. ಅಕ್ವೇರಿಯಂ ನೀರಿನಲ್ಲಾಗಲಿ ಅಂತರ್ಜಲದಲ್ಲಾಗಲಿ ನೈಟ್ರೇಟ್ ಹೇರಳವಾಗಿದ್ದರೂ ಬ್ಯಾಕ್ಟೀರಿಯಾಗಳು ಬಳಸಬಲ್ಲ ಇಂಗಾಲ ಕಡಿಮೆ ಇರುತ್ತದೆ. ಕೊರತೆಯಿರುವ ಇಂಗಾಲವನ್ನು ಒದಗಿಸಿದರೆ ನೈಟ್ರೇಟ್ ಎರಡು ದಾರಿಗಳಲ್ಲಿ ಖರ್ಚಾಗುತ್ತದೆ.

ಮೊದಲನೆಯದು ಸ್ವಾಂಗೀಕರಣ. ಇಂಗಾಲ ದೊರೆತ ಬ್ಯಾಕ್ಟೀರಿಯಾಗಳು ಸಂಖ್ಯೆಯಲ್ಲಿ ಹೆಚ್ಚುವಾಗ ನೀರಿನಲ್ಲಿರುವ ಸಾರಜನಕ ಮತ್ತು ರಂಜಕವನ್ನು ತಮ್ಮ ದೇಹಕ್ಕೆ ಸೇರಿಸಿಕೊಳ್ಳುತ್ತವೆ. ಇಲ್ಲಿ ಪೋಷಕಾಂಶ ನಾಶವಾಗುವುದಿಲ್ಲ, ಸ್ಥಳ ಬದಲಿಸುತ್ತದೆ ಅಷ್ಟೆ. ಬೆಳೆದ ಬ್ಯಾಕ್ಟೀರಿಯಾಗಳನ್ನು ನೀರಿನಿಂದ ಹೊರತೆಗೆಯದಿದ್ದರೆ ಅವು ಸತ್ತು ಕೊಳೆತಾಗ ಅದೇ ಪೋಷಕಾಂಶ ಮರಳಿ ನೀರಿಗೆ ಸೇರುತ್ತದೆ.

ಎರಡನೆಯದು ವಿನೈಟ್ರೀಕರಣ. ಕರಗಿದ ಆಮ್ಲಜನಕ ಮುಗಿದ ಸ್ಥಳದಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ಆಮ್ಲಜನಕದ ಬದಲು ನೈಟ್ರೇಟನ್ನು ಬಳಸುತ್ತವೆ. ಸ್ಯೂಡೊಮೊನಾಸ್ ಮತ್ತು ಪ್ಯಾರಾಕಾಕಸ್ ಕುಲಗಳ ಹಲವು ಪ್ರಭೇದಗಳು ಈ ಗುಂಪಿಗೆ ಸೇರಿವೆ. ನೈಟ್ರೇಟ್ ಮೊದಲು ನೈಟ್ರೈಟ್, ನಂತರ ನೈಟ್ರಿಕ್ ಆಕ್ಸೈಡ್, ನೈಟ್ರಸ್ ಆಕ್ಸೈಡ್ ಆಗಿ, ಕೊನೆಗೆ ಸಾರಜನಕ ಅನಿಲವಾಗಿ ವಾತಾವರಣಕ್ಕೆ ಸೇರುತ್ತದೆ. ಇಂಗಾಲವು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಈ ಕ್ರಿಯೆಯಲ್ಲಿ ನೀರಿನ ಕ್ಷಾರೀಯತೆ ಸ್ವಲ್ಪ ಹೆಚ್ಚುತ್ತದೆ. ಈ ದಾರಿಯಲ್ಲಿ ನೈಟ್ರೇಟ್ ನಿಜವಾಗಿ ನೀರಿನಿಂದ ಹೊರಹೋಗುತ್ತದೆ.

ಘನ ಮಾಧ್ಯಮದ ಮೇಲೆ ಎರಡೂ ಕ್ರಿಯೆಗಳು ಒಟ್ಟಿಗೆ ನಡೆಯಬಲ್ಲವು. ಮಾಧ್ಯಮದ ಮೇಲ್ಮೈಯಲ್ಲಿ ಲೋಳೆಯಂತಹ ಜೈವಿಕಪದರ ಬೆಳೆಯುತ್ತದೆ. ಪದರದ ಹೊರಭಾಗದ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನು ಬಳಸಿ ಮುಗಿಸುವುದರಿಂದ ಒಳಭಾಗದಲ್ಲಿ ವಿನೈಟ್ರೀಕರಣಕ್ಕೆ ಅನುಕೂಲವಾಗುತ್ತದೆ. ಮಾಧ್ಯಮವು ಬ್ಯಾಕ್ಟೀರಿಯಾಗಳಿಗೆ ಆಹಾರವೂ ಹೌದು, ನೆಲೆಯೂ ಹೌದು. ಸಕ್ಕರೆ, ವಿನೆಗರ್, ಮದ್ಯಸಾರ ಮುಂತಾದ ದ್ರವರೂಪದ ಇಂಗಾಲವನ್ನು ಪ್ರತಿದಿನ ಅಳೆದು ಹಾಕಬೇಕಾಗುತ್ತದೆ, ಅಳತೆ ತಪ್ಪಿದರೆ ಬ್ಯಾಕ್ಟೀರಿಯಾಗಳು ಒಮ್ಮೆಲೇ ಹೆಚ್ಚಿ ನೀರಿನ ಆಮ್ಲಜನಕ ಕುಸಿಯುತ್ತದೆ. ಘನ ಮಾಧ್ಯಮ ಬ್ಯಾಕ್ಟೀರಿಯಾದ ಕಿಣ್ವಗಳು ಕರಗಿಸಿದಷ್ಟೇ ಇಂಗಾಲವನ್ನು ಬಿಡುವುದರಿಂದ ಈ ಅಪಾಯ ಕಡಿಮೆ.

ಇಂಗಾಲದ ಅಗತ್ಯ

ವಿನೈಟ್ರೀಕರಣಕ್ಕೆ ಬೇಕಾಗುವ ಕನಿಷ್ಠ ಇಂಗಾಲವನ್ನು ರಾಸಾಯನಿಕ ಸಮೀಕರಣದಿಂದ ಲೆಕ್ಕಹಾಕಬಹುದು. ಉದಾಹರಣೆಗೆ, ಲೀಟರಿಗೆ 90 ಮಿ.ಗ್ರಾಂ ನೈಟ್ರೇಟ್ ಇರುವ 1000 ಲೀಟರ್ ನೀರನ್ನು 45 ಮಿ.ಗ್ರಾಂ ಮಟ್ಟಕ್ಕೆ ಇಳಿಸಲು ಒಟ್ಟು 45 ಗ್ರಾಂ ನೈಟ್ರೇಟನ್ನು ತೆಗೆಯಬೇಕು. ಸೆಲ್ಯುಲೋಸ್‌ನಂತಹ ಕಾರ್ಬೋಹೈಡ್ರೇಟ್ ಬಳಸಿದರೆ ಇದಕ್ಕೆ ಸುಮಾರು 24ರಿಂದ 27 ಗ್ರಾಂ, ಪಾಲಿಹೈಡ್ರಾಕ್ಸಿಬ್ಯುಟಿರೇಟ್ ಎಂಬ ಪಾಲಿಮರ್ ಬಳಸಿದರೆ ಸುಮಾರು 17 ಗ್ರಾಂ ಬೇಕು. ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 8 ಮಿ.ಗ್ರಾಂ ಇದ್ದರೆ, ನೈಟ್ರೇಟ್‌ನ ಸರದಿ ಬರುವ ಮೊದಲು ಅದನ್ನು ಮುಗಿಸಲು ಇನ್ನೂ 7ರಿಂದ 8 ಗ್ರಾಂ ಕಾರ್ಬೋಹೈಡ್ರೇಟ್ ಖರ್ಚಾಗುತ್ತದೆ. ಬ್ಯಾಕ್ಟೀರಿಯಾಗಳ ಬೆಳವಣಿಗೆಗೂ ಇಂಗಾಲ ಬೇಕಾದ್ದರಿಂದ ವಾಸ್ತವದಲ್ಲಿ ತಗಲುವ ಪ್ರಮಾಣ ಇದಕ್ಕಿಂತ ಹೆಚ್ಚು.

ಇತಿಹಾಸ

ವಿನೈಟ್ರೀಕರಣವು ಸೂಕ್ಷ್ಮಜೀವಿಗಳ ಕೆಲಸ ಎಂಬುದನ್ನು ಫ್ರಾನ್ಸಿನ ಉಲಿಸ್ ಗೇಯೋನ್ ಮತ್ತು ಗೇಬ್ರಿಯಲ್ ದ್ಯುಪತಿ 1880ರ ದಶಕದಲ್ಲಿ ತೋರಿಸಿದರು. ಇಂದು ಗುಳಿಗೆಗಳಲ್ಲಿ ಬಳಸುವ ಪಾಲಿಹೈಡ್ರಾಕ್ಸಿಬ್ಯುಟಿರೇಟನ್ನು ಫ್ರಾನ್ಸಿನವರೇ ಆದ ಮಾರಿಸ್ ಲೆಮ್ವಾನ್ 1920ರ ದಶಕದಲ್ಲಿ ಬ್ಯಾಕ್ಟೀರಿಯಾದ ಜೀವಕೋಶಗಳೊಳಗೆ ಗುರುತಿಸಿದರು. ಕೊಬ್ಬು ಪ್ರಾಣಿಗಳಿಗೆ ಹೇಗೋ ಹಾಗೆ ಇದು ಬ್ಯಾಕ್ಟೀರಿಯಾಗಳು ಕೂಡಿಟ್ಟುಕೊಳ್ಳುವ ಆಹಾರವಾಗಿದೆ.

1990ರ ದಶಕದಲ್ಲಿ ಈ ವಿಧಾನ ಎರಡು ದಿಕ್ಕುಗಳಲ್ಲಿ ಬೆಳೆಯಿತು. ಕೆನಡಾದ ಒಂಟಾರಿಯೊದಲ್ಲಿ ವಿಲಿಯಂ ರಾಬರ್ಟ್‌ಸನ್ ಮತ್ತು ಜಾನ್ ಚೆರ್ರಿ ಅವರು ಶೌಚಗುಂಡಿಗಳಿಂದ ಬಸಿಯುವ ನೈಟ್ರೇಟನ್ನು ತಡೆಯಲು ಮರದ ಹೊಟ್ಟಿನಂತಹ ವಸ್ತುಗಳನ್ನು ನೆಲದೊಳಗೆ ತಡೆಗೋಡೆಯಾಗಿ ಹೂಳುವ ಪ್ರಯೋಗದ ಫಲಿತಾಂಶಗಳನ್ನು 1995ರಲ್ಲಿ ಪ್ರಕಟಿಸಿದರು. ನ್ಯೂಜಿಲೆಂಡಿನಲ್ಲಿ ಲೂಯಿ ಶಿಪ್ಪರ್ ಮತ್ತು ಸಹೋದ್ಯೋಗಿಗಳು ಇಂತಹುದೇ 'ವಿನೈಟ್ರೀಕರಣ ಗೋಡೆ'ಯನ್ನು ನಿರ್ಮಿಸಿದರು. ಅಮೆರಿಕದ ಅಯೋವಾ ಮೊದಲಾದ ರಾಜ್ಯಗಳಲ್ಲಿ ಹೊಲದಿಂದ ಬಸಿಯುವ ನೀರನ್ನು ಮರದ ಚಕ್ಕೆ ತುಂಬಿದ ಕಂದಕಗಳ ಮೂಲಕ ಹಾಯಿಸುವ ಪದ್ಧತಿ ಬಳಕೆಗೆ ಬಂತು. ಇನ್ನೊಂದು ಕಡೆ, ಜರ್ಮನಿಯ ಆಂಗೆಲಾ ಬೋಲೇ ಮತ್ತು ಸಹೋದ್ಯೋಗಿಗಳು ಮೀನು ಸಾಕಣೆಯ ಮರುಬಳಕೆಯ ನೀರಿಗೆ ಜೈವಿಕವಾಗಿ ಕರಗುವ ಪಾಲಿಮರ್‌ಗಳನ್ನು ಬಳಸುವ ಅಧ್ಯಯನವನ್ನು 2000ದಲ್ಲಿ ಪ್ರಕಟಿಸಿದರು. ಈ ಪಾಲಿಮರ್‌ಗಳೇ ಮುಂದೆ ಗುಳಿಗೆಯ ರೂಪದಲ್ಲಿ ಹವಳದ ಅಕ್ವೇರಿಯಂ ಹವ್ಯಾಸಿಗಳನ್ನು ತಲುಪಿದವು.

ಮಾಧ್ಯಮದ ವಿಧಗಳು

ಘನ ಇಂಗಾಲ ಮಾಧ್ಯಮಗಳನ್ನು ಎರಡು ವರ್ಗಗಳಾಗಿ ವಿಂಗಡಿಸಬಹುದು.

ಕೃತಕವಾಗಿ ತಯಾರಿಸಿದವು: ಪಾಲಿಹೈಡ್ರಾಕ್ಸಿಆಲ್ಕನೋಯೇಟ್ ಕುಟುಂಬದ ಪಾಲಿಮರ್‌ಗಳು, ಪಾಲಿಕ್ಯಾಪ್ರೊಲ್ಯಾಕ್ಟೋನ್ ಮುಂತಾದವು. ಇವುಗಳ ಸಂಯೋಜನೆ ಏಕರೂಪವಾಗಿದ್ದು, ನೀರಿಗೆ ಬಣ್ಣ ಅಥವಾ ವಾಸನೆ ಬಿಡುವುದು ಕಡಿಮೆ. ಬೆಲೆ ಹೆಚ್ಚಾಗಿರುವುದರಿಂದ ಸಣ್ಣ ವ್ಯವಸ್ಥೆಗಳಿಗೆ ಹೊಂದುತ್ತವೆ.

ನೈಸರ್ಗಿಕವಾದವು: ಮರದ ಚಕ್ಕೆ, ಮರದ ಹೊಟ್ಟು, ಮೆಕ್ಕೆಜೋಳದ ದಿಂಡು, ಗೋಧಿ ಹುಲ್ಲು, ಭತ್ತದ ಹೊಟ್ಟು, ಹತ್ತಿ, ಶೇಂಗಾ ಸಿಪ್ಪೆ ಮುಂತಾದವು. ಇವು ಅಗ್ಗವಾಗಿವೆ. ಸೆಲ್ಯುಲೋಸ್ ಬೇಗ ಜೀರ್ಣವಾಗುತ್ತದೆ, ಲಿಗ್ನಿನ್ ನಿಧಾನವಾಗಿ ಕೊಳೆಯುತ್ತದೆ. ಹೀಗಾಗಿ ಹುಲ್ಲು ಮತ್ತು ದಿಂಡು ಆರಂಭದಲ್ಲಿ ವೇಗವಾಗಿ ಕೆಲಸ ಮಾಡಿ ಬೇಗ ಮುಗಿಯುತ್ತವೆ. ಮರದ ಚಕ್ಕೆ ನಿಧಾನವಾಗಿ ಕೆಲಸ ಮಾಡಿದರೂ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬಾಳಿದ ಉದಾಹರಣೆಗಳಿವೆ.

ನೀರು ಶೋಧಿಸಲು ಬಳಸುವ ಸಕ್ರಿಯ ಇಂಗಾಲವು ಈ ಗುಂಪಿಗೆ ಸೇರುವುದಿಲ್ಲ. ಅದು ಬಣ್ಣ, ವಾಸನೆ ಮತ್ತು ಕೆಲವು ಸಾವಯವ ವಸ್ತುಗಳನ್ನು ತನ್ನ ಮೇಲ್ಮೈಗೆ ಹಿಡಿದಿಡುತ್ತದೆ. ಬ್ಯಾಕ್ಟೀರಿಯಾಗಳಿಗೆ ಅದು ಆಹಾರವಾಗುವುದಿಲ್ಲ, ನೈಟ್ರೇಟನ್ನೂ ಗಣನೀಯವಾಗಿ ತೆಗೆಯುವುದಿಲ್ಲ.

ಹವಳದ ಅಕ್ವೇರಿಯಂನಲ್ಲಿ ಬಳಕೆ

ಹವಳದ ದಿಬ್ಬಗಳ ಸುತ್ತಲಿನ ಸಮುದ್ರದ ಮೇಲ್ನೀರಿನಲ್ಲಿ ನೈಟ್ರೇಟ್ ಸಾಮಾನ್ಯವಾಗಿ ಲೀಟರಿಗೆ 1 ಮಿ.ಗ್ರಾಂಗಿಂತ ಬಹಳ ಕಡಿಮೆ ಇರುತ್ತದೆ. ಅಕ್ವೇರಿಯಂನಲ್ಲಿ ಪ್ರತಿದಿನ ಆಹಾರ ಹಾಕುವುದರಿಂದ ಇದು ಹತ್ತಾರು ಮಿ.ಗ್ರಾಂವರೆಗೆ ಏರಬಹುದು. ಆಗ ಪಾಚಿ ಹಬ್ಬುತ್ತದೆ. ಹವಳದ ಅಂಗಾಂಶದೊಳಗೆ ವಾಸಿಸುವ ಸಹಜೀವಿ ಶೈವಲಗಳು ಮಿತಿಮೀರಿ ಹೆಚ್ಚಿ ಹವಳ ಕಂದುಬಣ್ಣಕ್ಕೆ ತಿರುಗುತ್ತದೆ. ಫಾಸ್ಫೇಟ್ ಹೆಚ್ಚಿದರೆ ಸುಣ್ಣದ ಅಸ್ಥಿಪಂಜರದ ಬೆಳವಣಿಗೆ ಕುಂಠಿತವಾಗುತ್ತದೆ.

ಗುಳಿಗೆಗಳನ್ನು ಕೊಳವೆಯಾಕಾರದ ರಿಯಾಕ್ಟರಿನಲ್ಲಿ ತುಂಬಿ, ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸಲಾಗುತ್ತದೆ. ಗುಳಿಗೆಗಳು ನಿಧಾನವಾಗಿ ಉರುಳುತ್ತಿರಬೇಕು. ಉರುಳುವಾಗ ಒಂದಕ್ಕೊಂದು ಉಜ್ಜಿ ಹೆಚ್ಚುವರಿ ಜೈವಿಕಪದರ ಕಳಚುತ್ತದೆ. ಕಳಚಿದ ಪದರವನ್ನು ಹೊತ್ತ ನೀರು ಪ್ರೋಟೀನ್ ಸ್ಕಿಮ್ಮರ್ ಎಂಬ ಉಪಕರಣದ ಬಾಯಿಗೆ ನೇರವಾಗಿ ಸೇರುವಂತೆ ಜೋಡಿಸಲಾಗುತ್ತದೆ. ಸ್ಕಿಮ್ಮರ್ ಸಣ್ಣ ಗಾಳಿಗುಳ್ಳೆಗಳ ನೊರೆಯೊಂದಿಗೆ ಬ್ಯಾಕ್ಟೀರಿಯಾಗಳನ್ನು ಹೊರತೆಗೆಯುತ್ತದೆ. ಸ್ವಾಂಗೀಕರಣದ ದಾರಿಯಲ್ಲಿ ಹಿಡಿದ ಪೋಷಕಾಂಶ ನಿಜವಾಗಿ ಹೊರಹೋಗುವುದು ಈ ಹಂತದಲ್ಲಿಯೇ. ಸ್ಕಿಮ್ಮರ್ ಇಲ್ಲದ ತೊಟ್ಟಿಯಲ್ಲಿ ಗುಳಿಗೆಗಳ ಉಪಯೋಗ ಬಹಳ ಕಡಿಮೆ.

ತಯಾರಕರು ಸೂಚಿಸಿದ ಪ್ರಮಾಣಕ್ಕಿಂತ ಕಡಿಮೆ ಗುಳಿಗೆಗಳಿಂದ ಆರಂಭಿಸಿ, ಪ್ರತಿವಾರ ನೈಟ್ರೇಟ್, ಫಾಸ್ಫೇಟ್ ಮತ್ತು ಕ್ಷಾರೀಯತೆಗಳನ್ನು ಅಳೆಯುತ್ತ ನಿಧಾನವಾಗಿ ಹೆಚ್ಚಿಸುವುದು ರೂಢಿ. ಜೈವಿಕಪದರ ಬೆಳೆಯಲು ಕೆಲವು ವಾರಗಳು ಬೇಕು. ಈ ಅವಧಿಯಲ್ಲಿ ನೀರು ಮಬ್ಬಾಗಬಹುದು.

ಈ ಬಳಕೆಯಲ್ಲಿ ಕಾಣಬರುವ ಮುಖ್ಯ ತೊಂದರೆಗಳು ಹೀಗಿವೆ:

• ಗುಳಿಗೆಗಳು ಉರುಳದೆ ಗಂಟುಕಟ್ಟಿದರೆ ಒಳಗೆ ನೈಟ್ರೇಟ್ ಸಹ ಮುಗಿದು, ಸಲ್ಫೇಟನ್ನು ಬಳಸುವ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಆಗ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಉಂಟಾಗುತ್ತದೆ. ಇದು ಮೀನುಗಳಿಗೆ ವಿಷ. ವಿದ್ಯುತ್ ಕಡಿತದಿಂದ ಬಹಳ ಹೊತ್ತು ನಿಂತಿದ್ದ ರಿಯಾಕ್ಟರಿನ ನೀರನ್ನು ತೊಟ್ಟಿಗೆ ಬಿಡದೆ ಹೊರಚೆಲ್ಲುವುದು ಸುರಕ್ಷಿತ.

• ಪೋಷಕಾಂಶಗಳು ಥಟ್ಟನೆ ಇಳಿದರೆ ಹವಳಗಳು ಬಿಳಿಚಿಕೊಳ್ಳಬಹುದು, ಅಂಗಾಂಶ ಕಳಚಿ ಸಾಯಲೂಬಹುದು. ನೈಟ್ರೇಟನ್ನು ಪೂರ್ತಿ ಶೂನ್ಯಕ್ಕೆ ತರುವುದು ಗುರಿಯಲ್ಲ.

• ನೈಟ್ರೇಟ್ ಮುಗಿದು ಫಾಸ್ಫೇಟ್ ಉಳಿದರೆ ಬ್ಯಾಕ್ಟೀರಿಯಾಗಳ ಬೆಳವಣಿಗೆ ನಿಲ್ಲುತ್ತದೆ. ವಿನೈಟ್ರೀಕರಣವು ರಂಜಕವನ್ನು ತೆಗೆಯದಿರುವುದರಿಂದ ಈ ಸ್ಥಿತಿ ಸಾಮಾನ್ಯವಾಗಿದ್ದು, ಉಳಿದ ಫಾಸ್ಫೇಟಿಗೆ ಕಬ್ಬಿಣದ ಆಕ್ಸೈಡ್ ಕಣಗಳನ್ನು ಬಳಸಲಾಗುತ್ತದೆ.

• ಸಯನೋಬ್ಯಾಕ್ಟೀರಿಯಾದ ಕೆಂಪು ಪದರ ಮರಳಿನ ಮೇಲೆ ಹಬ್ಬಬಹುದು.

ಭಾರತದಲ್ಲಿ ಕಲ್ಲುಹವಳಗಳೆಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿವೆ. ಕರ್ನಾಟಕದ ಕರಾವಳಿಯಲ್ಲಿ ಮುರ್ಡೇಶ್ವರದ ಸಮೀಪದ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಅವನ್ನು ಕೀಳುವುದು, ಸಂಗ್ರಹಿಸುವುದು ಮತ್ತು ಮಾರುವುದು ಅಪರಾಧ.

ತೊಟ್ಟಿಗೆ ಬಳಸುವ ಸಿಹಿನೀರು

ಒಳನಾಡಿನಲ್ಲಿ ಸಮುದ್ರದ ನೀರನ್ನು ಸಿಹಿನೀರಿಗೆ ಉಪ್ಪಿನ ಮಿಶ್ರಣ ಸೇರಿಸಿ ತಯಾರಿಸಲಾಗುತ್ತದೆ. ಆ ಸಿಹಿನೀರಿನಲ್ಲಿಯೇ ನೈಟ್ರೇಟ್ ಇದ್ದರೆ ಗುಳಿಗೆಗಳ ಶ್ರಮ ವ್ಯರ್ಥವಾಗುತ್ತದೆ. 200 ಲೀಟರಿನ ತೊಟ್ಟಿಯಿಂದ ದಿನಕ್ಕೆ 2 ಲೀಟರ್ ನೀರು ಆವಿಯಾಗುತ್ತದೆ ಎಂದುಕೊಂಡರೆ, ಆ ಕೊರತೆಯನ್ನು ಲೀಟರಿಗೆ 45 ಮಿ.ಗ್ರಾಂ ನೈಟ್ರೇಟ್ ಇರುವ ಕೊಳವೆಬಾವಿಯ ನೀರಿನಿಂದ ತುಂಬಿದಾಗ ದಿನಕ್ಕೆ 90 ಮಿ.ಗ್ರಾಂ ನೈಟ್ರೇಟ್ ತೊಟ್ಟಿಗೆ ಸೇರುತ್ತದೆ. ನೀರು ಮಾತ್ರ ಆವಿಯಾಗಿ ನೈಟ್ರೇಟ್ ಉಳಿಯುವುದರಿಂದ ನೂರು ದಿನಗಳಲ್ಲಿ ತೊಟ್ಟಿಯ ಮಟ್ಟ ಲೀಟರಿಗೆ 45 ಮಿ.ಗ್ರಾಂನಷ್ಟು ಏರುತ್ತದೆ. ನೈಟ್ರೇಟ್ ಸಮಸ್ಯೆ ತೊಟ್ಟಿಯಲ್ಲಿ ಮಾತ್ರವಲ್ಲ, ನೀರಿನ ಮೂಲದಲ್ಲಿಯೂ ಇರಬಹುದೆಂಬುದು ಇದರಿಂದ ತಿಳಿಯುತ್ತದೆ. ಇಂತಹ ಮೂಲವನ್ನೇ ಮನುಷ್ಯರು ಕುಡಿಯಬೇಕಾದ ಕಡೆ ಪ್ರಶ್ನೆ ಇನ್ನಷ್ಟು ಗಂಭೀರವಾಗುತ್ತದೆ.

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಅಂತರ್ಜಲ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ಚಿತ್ರದುರ್ಗ ಜಿಲ್ಲೆಯ ಪೂರ್ವ ಮತ್ತು ಈಶಾನ್ಯ ಭಾಗದಲ್ಲಿ, ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡಿರುವ ತಾಲ್ಲೂಕುಗಳು. ವಾರ್ಷಿಕ ಸರಾಸರಿ ಮಳೆ 500 ಮಿ.ಮೀ. ಆಸುಪಾಸಿನಲ್ಲಿದ್ದು, ರಾಜ್ಯದ ಅತಿ ಕಡಿಮೆ ಮಳೆಯ ಪ್ರದೇಶಗಳಲ್ಲಿ ಇವು ಸೇರಿವೆ. ವೇದಾವತಿ ನದಿ ಚಳ್ಳಕೆರೆ ತಾಲ್ಲೂಕಿನ ಮೂಲಕ ಹರಿಯುತ್ತದೆಯಾದರೂ ವರ್ಷದ ಬಹುಪಾಲು ಒಣಗಿರುತ್ತದೆ. ನೆಲದಡಿ ಗ್ರಾನೈಟ್, ನೈಸ್ ಮತ್ತು ಶಿಸ್ಟ್ ಶಿಲೆಗಳಿವೆ. ಈ ಗಟ್ಟಿ ಶಿಲೆಗಳಲ್ಲಿ ನೀರು ಮೇಲಿನ ಶಿಥಿಲ ಪದರ ಮತ್ತು ಬಿರುಕುಗಳಲ್ಲಿ ಮಾತ್ರ ನಿಲ್ಲುತ್ತದೆ. ಕೇಂದ್ರ ಅಂತರ್ಜಲ ಮಂಡಳಿಯ ಮೌಲ್ಯಮಾಪನಗಳಲ್ಲಿ ಚಳ್ಳಕೆರೆ ತಾಲ್ಲೂಕು ಅಂತರ್ಜಲದ ಅತಿಬಳಕೆಯ ವರ್ಗದಲ್ಲಿ ಕಾಣಿಸಿಕೊಂಡಿದೆ.

ಇಂತಹ ಭೂಪ್ರದೇಶದಲ್ಲಿ ನೈಟ್ರೇಟ್ ಹಲವು ಮೂಲಗಳಿಂದ ಬಾವಿಯನ್ನು ಸೇರುತ್ತದೆ: ಊರೊಳಗಿನ ಶೌಚಗುಂಡಿಗಳು, ಚರಂಡಿಗಳು, ತಿಪ್ಪೆಗಳು, ದನ ಕಟ್ಟುವ ಸ್ಥಳಗಳು, ಕುರಿಹಟ್ಟಿಗಳು ಮತ್ತು ನೀರಾವರಿ ಜಮೀನಿಗೆ ಹಾಕುವ ಯೂರಿಯಾ. ಈ ಎರಡೂ ತಾಲ್ಲೂಕುಗಳಲ್ಲಿ ಕುರಿ ಸಾಕಣೆ ವ್ಯಾಪಕವಾಗಿದೆ. ಮಳೆ ಕಡಿಮೆಯಾದ್ದರಿಂದ ಇಳಿದ ನೈಟ್ರೇಟ್ ತೆಳುವಾಗುವುದಿಲ್ಲ. ತೆಳು ಮಣ್ಣಿನಲ್ಲಿ ಸಾವಯವ ಇಂಗಾಲ ಕಡಿಮೆಯಿರುವುದರಿಂದ ನೆಲದೊಳಗೆ ಸಹಜವಾಗಿ ನಡೆಯಬೇಕಾದ ವಿನೈಟ್ರೀಕರಣವೂ ಮಂದವಾಗುತ್ತದೆ. ಅಕ್ವೇರಿಯಂನಲ್ಲಿರುವ ಕೊರತೆಯೇ ಇಲ್ಲಿಯೂ ಇದೆ.

ಆರೋಗ್ಯದ ಪರಿಣಾಮ

ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕ ಐ.ಎಸ್. 10500 (2012) ಪ್ರಕಾರ ನೈಟ್ರೇಟ್‌ನ ಮಿತಿ ಲೀಟರಿಗೆ 45 ಮಿ.ಗ್ರಾಂ. ಬೇರೆ ಮೂಲವಿಲ್ಲದ ಸಂದರ್ಭದಲ್ಲಿಯೂ ಇದಕ್ಕೆ ಸಡಿಲಿಕೆಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಮೌಲ್ಯ ಲೀಟರಿಗೆ 50 ಮಿ.ಗ್ರಾಂ. ಆರು ತಿಂಗಳೊಳಗಿನ ಕೂಸುಗಳಿಗೆ ಬಾಟಲಿ ಹಾಲನ್ನು ಇಂತಹ ನೀರಿನಲ್ಲಿ ಕಲಸಿ ಕೊಟ್ಟಾಗ ನೈಟ್ರೇಟ್ ದೇಹದಲ್ಲಿ ನೈಟ್ರೈಟ್ ಆಗಿ, ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕ ಸಾಗಿಸಲಾರದ ಮೆಥೆಮೊಗ್ಲೋಬಿನ್ ಆಗಿ ಪರಿವರ್ತಿಸುತ್ತದೆ. ಮಗುವಿನ ತುಟಿ ಮತ್ತು ಚರ್ಮ ನೀಲಿಗಟ್ಟುವುದರಿಂದ ಇದನ್ನು 'ನೀಲಿ ಶಿಶು ರೋಗ' ಎನ್ನುತ್ತಾರೆ. ಬಾವಿನೀರಿಗೂ ಈ ರೋಗಕ್ಕೂ ಇರುವ ಸಂಬಂಧವನ್ನು ಅಮೆರಿಕದ ಅಯೋವಾದಲ್ಲಿ ವೈದ್ಯ ಹಂಟರ್ ಕಾಮ್ಲಿ 1945ರಲ್ಲಿ ವರದಿ ಮಾಡಿದರು. ಎದೆಹಾಲು ಕುಡಿಯುವ ಕೂಸುಗಳಿಗೆ ಈ ಅಪಾಯ ಬಹಳ ಕಡಿಮೆ.

ಈಗಿನ ಪರಿಹಾರಗಳು

ಕರ್ನಾಟಕದ ಗ್ರಾಮಗಳಲ್ಲಿ ಸ್ಥಾಪಿಸಿರುವ ಶುದ್ಧ ಕುಡಿಯುವ ನೀರಿನ ಘಟಕಗಳು ಹೆಚ್ಚಾಗಿ ಆರ್.ಓ. ಪದ್ಧತಿಯವು. ಇವು ಫ್ಲೋರೈಡ್ ಮತ್ತು ನೈಟ್ರೇಟ್ ಎರಡನ್ನೂ ಕಡಿಮೆ ಮಾಡುತ್ತವೆ. ಆದರೆ ಘಟಕಕ್ಕೆ ಬಂದ ನೀರಿನ ಒಂದು ಭಾಗ ಮಾತ್ರ ಶುದ್ಧವಾಗಿ ಹೊರಬರುತ್ತದೆ; ಉಳಿದದ್ದು ತಿರಸ್ಕೃತ ನೀರು. ಅರ್ಧ ನೀರು ಶುದ್ಧವಾಗಿ ಬಂದರೆ, ತಿರಸ್ಕೃತ ನೀರಿನಲ್ಲಿ ನೈಟ್ರೇಟ್‌ನ ಸಾಂದ್ರತೆ ಮೂಲದ ಎರಡರಷ್ಟಕ್ಕೆ ಸಮೀಪವಾಗುತ್ತದೆ. ಈ ನೀರನ್ನು ಚರಂಡಿಗೋ ಇಂಗುಗುಂಡಿಗೋ ಬಿಟ್ಟಾಗ ಅದೇ ನೈಟ್ರೇಟ್ ಮರಳಿ ಅಂತರ್ಜಲ ಸೇರಬಹುದು. ತುಂಗಭದ್ರಾ ಜಲಾಶಯದ ಹಿನ್ನೀರಿನಿಂದ ಈ ಭಾಗದ ತಾಲ್ಲೂಕುಗಳಿಗೆ ನದಿನೀರು ತರುವ ಬಹುಗ್ರಾಮ ಕುಡಿಯುವ ನೀರಿನ ಯೋಜನೆಯು ಕೊಳವೆಬಾವಿಯ ಅವಲಂಬನೆಯನ್ನು ಕಡಿಮೆ ಮಾಡುವ ಇನ್ನೊಂದು ಮಾರ್ಗವಾಗಿದೆ.

ಘನ ಇಂಗಾಲ ವಿಧಾನದ ಅನ್ವಯ

ಮರದ ಚಕ್ಕೆ ತುಂಬಿದ ತೊಟ್ಟಿಗಳ ಬಗೆಗಿನ ಅಧ್ಯಯನಗಳ ಪ್ರಕಾರ ಒಂದು ಘನ ಮೀಟರ್ ಮಾಧ್ಯಮವು ದಿನಕ್ಕೆ ಸುಮಾರು 2ರಿಂದ 22 ಗ್ರಾಂ ಸಾರಜನಕವನ್ನು ತೆಗೆಯುತ್ತದೆ. ಉಷ್ಣಾಂಶ ಹೆಚ್ಚಿದಷ್ಟೂ ವೇಗ ಹೆಚ್ಚುವುದರಿಂದ ಶೀತ ದೇಶಗಳಿಗಿಂತ ಬಯಲುಸೀಮೆಯ ಹವಾಮಾನ ಈ ಕ್ರಿಯೆಗೆ ಅನುಕೂಲಕರ. ದಿನಕ್ಕೆ 5000 ಲೀಟರ್ ನೀರಿನಲ್ಲಿ ನೈಟ್ರೇಟನ್ನು ಲೀಟರಿಗೆ 45 ಮಿ.ಗ್ರಾಂನಷ್ಟು ಇಳಿಸಲು ಸುಮಾರು 51 ಗ್ರಾಂ ಸಾರಜನಕವನ್ನು ತೆಗೆಯಬೇಕು. ಮೇಲಿನ ದರಗಳ ಪ್ರಕಾರ ಇದಕ್ಕೆ ಬೇಕಾಗುವ ಮಾಧ್ಯಮ ಸುಮಾರು 2.3ರಿಂದ 25 ಘನ ಮೀಟರ್.

ಚಳ್ಳಕೆರೆ ಎಣ್ಣೆ ಗಿರಣಿಗಳಿಗೆ ಹೆಸರಾದ ಪಟ್ಟಣವಾಗಿದ್ದು, ಶೇಂಗಾ ಸುತ್ತಲಿನ ಪ್ರಮುಖ ಮಳೆಯಾಶ್ರಿತ ಬೆಳೆಯಾಗಿದೆ. ಕಾಯಿಯ ತೂಕದಲ್ಲಿ ಸುಮಾರು ಶೇ. 25ರಿಂದ 30ರಷ್ಟು ಸಿಪ್ಪೆಯಿರುತ್ತದೆ, ಅಂದರೆ ಒಂದು ಟನ್ ಕಾಯಿ ಸುಲಿದರೆ 250ರಿಂದ 300 ಕಿಲೋ ಸಿಪ್ಪೆ ಉಳಿಯುತ್ತದೆ. ಸಿಪ್ಪೆಯಲ್ಲಿ ಸೆಲ್ಯುಲೋಸ್ ಜೊತೆಗೆ ಲಿಗ್ನಿನ್ ಕೂಡ ಹೆಚ್ಚಿರುವುದರಿಂದ ಇಂಗಾಲ ನಿಧಾನವಾಗಿ ಬಿಡುಗಡೆಯಾಗುತ್ತದೆ. ವಿನೈಟ್ರೀಕರಣದ ಮಾಧ್ಯಮವಾಗಿ ಶೇಂಗಾ ಸಿಪ್ಪೆಯನ್ನು ಪ್ರಯೋಗಾಲಯಗಳಲ್ಲಿ ಪರೀಕ್ಷಿಸಲಾಗಿದೆ. ಆದರೆ ತೇವದಲ್ಲಿ ಕೂಡಿಟ್ಟ ಶೇಂಗಾದ ಮೇಲೆ ಬೆಳೆಯುವ ಆಸ್ಪರ್ಜಿಲಸ್ ಶಿಲೀಂಧ್ರವು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುವುದರಿಂದ, ಬೂಷ್ಟು ಹಿಡಿದ ಸಿಪ್ಪೆ ಕುಡಿಯುವ ನೀರಿನ ಸಂಸ್ಕರಣೆಗೆ ತಕ್ಕುದಲ್ಲ.

ಈ ಕಾರಣಗಳಿಂದ ನೈಸರ್ಗಿಕ ಮಾಧ್ಯಮವು ನೇರವಾಗಿ ಕುಡಿಯುವ ನೀರಿಗಿಂತ, ಆರ್.ಓ. ಘಟಕದ ತಿರಸ್ಕೃತ ನೀರು, ಶೌಚಗುಂಡಿಯ ಬಸಿನೀರು ಅಥವಾ ಚರಂಡಿ ನೀರು ನೆಲಕ್ಕೆ ಇಂಗುವ ಮೊದಲಿನ ಹಂತಕ್ಕೆ ಹೆಚ್ಚು ಹೊಂದುತ್ತದೆ. ಅಲ್ಲಿ ನೀರಿನ ಬಣ್ಣ ಮತ್ತು ವಾಸನೆ ಅಡ್ಡಿಯಾಗುವುದಿಲ್ಲ. ಬಾವಿಗೆ ಮರಳುವ ನೈಟ್ರೇಟ್ ಮಾತ್ರ ಕಡಿಮೆಯಾಗುತ್ತದೆ. ಒಂಟಾರಿಯೊದ ತಡೆಗೋಡೆಗಳ ಉದ್ದೇಶವೂ ಇದೇ ಆಗಿತ್ತು.

ಮಿತಿಗಳು

• ಈ ವಿಧಾನ ಫ್ಲೋರೈಡನ್ನು ತೆಗೆಯುವುದಿಲ್ಲ. ಫ್ಲೋರೈಡ್ ಮತ್ತು ನೈಟ್ರೇಟ್ ಎರಡೂ ಇರುವ ನೀರಿಗೆ ಇದೊಂದೇ ಸಾಲದು.

• ಇಂಗಾಲ ಅಥವಾ ಸಮಯ ಸಾಲದೆ ಕ್ರಿಯೆ ಅರ್ಧಕ್ಕೆ ನಿಂತರೆ ನೈಟ್ರೈಟ್ ಉಳಿಯುತ್ತದೆ. ಇದು ನೈಟ್ರೇಟಿಗಿಂತ ಹೆಚ್ಚು ಅಪಾಯಕಾರಿ. ಆದ್ದರಿಂದ ಹೊರಬರುವ ನೀರಿನಲ್ಲಿ ನೈಟ್ರೇಟ್ ಜೊತೆಗೆ ನೈಟ್ರೈಟನ್ನೂ ಅಳೆಯಬೇಕು.

• ನೈಟ್ರಸ್ ಆಕ್ಸೈಡ್ ಹಂತದಲ್ಲಿ ಕ್ರಿಯೆ ನಿಂತರೆ ಪ್ರಬಲ ಹಸಿರುಮನೆ ಅನಿಲವೊಂದು ವಾತಾವರಣಕ್ಕೆ ಸೇರುತ್ತದೆ.

• ಹೊಸ ಮರದ ಚಕ್ಕೆ ಅಥವಾ ಸಿಪ್ಪೆ ಮೊದಲ ವಾರಗಳಲ್ಲಿ ಟ್ಯಾನಿನ್ ಮತ್ತು ಸಾವಯವ ವಸ್ತುಗಳನ್ನು ಬಿಡುವುದರಿಂದ ನೀರು ಕಂದಾಗುತ್ತದೆ. ಅಂತಹ ನೀರಿಗೆ ಕ್ಲೋರಿನ್ ಹಾಕಿದರೆ ಅನಪೇಕ್ಷಿತ ಉಪಉತ್ಪನ್ನಗಳು ಉಂಟಾಗುತ್ತವೆ.

• ಬ್ಯಾಕ್ಟೀರಿಯಾಗಳನ್ನೇ ಬೆಳೆಸುವ ವಿಧಾನವಾದ್ದರಿಂದ, ಕುಡಿಯುವ ನೀರಿಗೆ ಬಳಸುವಾಗ ಮರಳಿನ ಶೋಧನೆ ಮತ್ತು ಸೋಂಕು ನಿವಾರಣೆ ಕಡ್ಡಾಯ. ಮನೆಯ ಕೊಡ ಅಥವಾ ಡ್ರಮ್ಮಿನಲ್ಲಿ ಸಿಪ್ಪೆ ನೆನೆಸಿ ನೀರನ್ನು ಶುದ್ಧಗೊಳಿಸುವುದು ಸಾಧ್ಯವಿಲ್ಲ. ಹಾಗೆ ಮಾಡುವುದು ಅಪಾಯಕರ.

• ನೀರಿನ ಹರಿವು ನಿಂತು ನಿಂತು ಬಂದರೆ ಮಾಧ್ಯಮ ಒಣಗಿ ಬೇಗ ಕೊಳೆಯುತ್ತದೆ ಅಥವಾ ದುರ್ವಾಸನೆ ಹಿಡಿಯುತ್ತದೆ.

ಇತರ ವಿಧಾನಗಳೊಂದಿಗೆ ಹೋಲಿಕೆ

ನೈಟ್ರೇಟ್ ನಿವಾರಣೆಗೆ ಆರ್.ಓ. ಅಲ್ಲದೆ ಅಯಾನು ವಿನಿಮಯ ಪದ್ಧತಿಯೂ ಬಳಕೆಯಲ್ಲಿದೆ. ಅದರಲ್ಲಿ ರಾಳದ ಮಣಿಗಳು ನೈಟ್ರೇಟನ್ನು ಹಿಡಿದು ಕ್ಲೋರೈಡನ್ನು ಬಿಡುತ್ತವೆ. ಮಣಿಗಳನ್ನು ಉಪ್ಪುನೀರಿನಿಂದ ತೊಳೆದಾಗ ನೈಟ್ರೇಟ್ ತುಂಬಿದ ಉಪ್ಪುನೀರು ಉಳಿಯುತ್ತದೆ. ಹೀಗೆ ಎರಡೂ ವಿಧಾನಗಳಲ್ಲಿ ತ್ಯಾಜ್ಯದ ವಿಲೇವಾರಿ ಬಾಕಿ ಇರುತ್ತದೆ. ಇವುಗಳ ಅನುಕೂಲವೆಂದರೆ ಕ್ರಿಯೆ ತಕ್ಷಣ ನಡೆಯುತ್ತದೆ ಮತ್ತು ಫಲಿತಾಂಶ ಊಹಿಸಬಹುದಾದದ್ದು. ಘನ ಇಂಗಾಲ ವಿಧಾನಕ್ಕೆ ಸ್ಥಳ, ಸಮಯ ಮತ್ತು ನಿರಂತರ ಪರೀಕ್ಷೆ ಬೇಕು, ಆದರೆ ವಿದ್ಯುತ್ ಬಳಕೆ ಕಡಿಮೆ, ನೀರು ವ್ಯರ್ಥವಾಗುವುದಿಲ್ಲ, ನೈಟ್ರೇಟ್ ಉಳಿಯುವುದಿಲ್ಲ.

ಯಾವ ವಿಧಾನವೇ ಆದರೂ ಅದು ಮೂಲದ ನಿಯಂತ್ರಣಕ್ಕೆ ಪರ್ಯಾಯವಲ್ಲ. ಅಕ್ವೇರಿಯಂನಲ್ಲಿ ಆಹಾರವನ್ನು ಮಿತವಾಗಿ ಹಾಕುವುದು ಮೊದಲ ಕ್ರಮವಾದರೆ, ಊರಿನಲ್ಲಿ ಕುಡಿಯುವ ನೀರಿನ ಬಾವಿಯಿಂದ ಶೌಚಗುಂಡಿ, ತಿಪ್ಪೆ ಮತ್ತು ಕುರಿಹಟ್ಟಿಗಳನ್ನು ದೂರವಿಡುವುದು, ಯೂರಿಯಾವನ್ನು ಬೆಳೆಗೆ ಬೇಕಾದಷ್ಟೇ ಕಂತುಗಳಲ್ಲಿ ಹಾಕುವುದು, ಮತ್ತು ಬಾವಿಯ ನೀರನ್ನು ಮಳೆಗಾಲದ ಮುನ್ನ ಹಾಗೂ ನಂತರ ಪರೀಕ್ಷಿಸುವುದು ಮೊದಲ ಕ್ರಮಗಳಾಗಿವೆ.